ಅತ್ತೆಯ ಕೈತುತ್ತು

ನನ್ನ ಅತ್ತೆಯ ಅಂಗೈ ಗಂಡಸರ ಅಂಗೈಗಿಂತ ಅಗಲವಾಗಿತ್ತು. ಬೆರಳುಗಳು ದಪ್ಪ, ಗೆಣ್ಣುಗಳು ಉಬ್ಬಿದ್ದವು, ಉಗುರಿನ ಸುತ್ತ ಅರಸಿನದ ಕಲೆ ಯಾವಾಗಲೂ ಇರುತ್ತಿತ್ತು. ಆ ಕೈಯಲ್ಲಿ ಅವರು ಅನ್ನ ಕಲಸುವುದನ್ನು ನೋಡುವುದೇ ಒಂದು ಚೆಂದ. ಅಷ್ಟು ದೊಡ್ಡ ಬೆರಳುಗಳ ತುದಿಯಲ್ಲಿ ಮಗುವಿನ ಬಾಯಿಗೆ ಹಿಡಿಸುವಂಥ ಪುಟ್ಟ ಉಂಡೆ ಹೇಗೆ ಮೂಡುತ್ತಿತ್ತೋ! ಸುಳ್ಯದ ಕಡೆಯ ಅವರ ಊರಿನಲ್ಲಿ ಉಣ್ಣಲು ಹಟ ಮಾಡುವ ಮಕ್ಕಳನ್ನು ತಾಯಂದಿರು ಎತ್ತಿಕೊಂಡು ಅವರ ಬಳಿಗೇ ಬರುತ್ತಿದ್ದರಂತೆ. "ನನ್ನ ಕೈಯಲ್ಲಿ ಉಣ್ಣದ ಮಗು ಇನ್ನು ಹುಟ್ಟಬೇಕಷ್ಟೆ" ಎಂದು ಅತ್ತೆ ನಗುತ್ತಿದ್ದರು.

ಅಂಥ ಮಗು ಹುಟ್ಟಿದ್ದು ನನ್ನ ಹೊಟ್ಟೆಯಲ್ಲಿ.

ಐವತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡನಿಗೆ ಪುತ್ತೂರಿನಲ್ಲಿ ಗುಮಾಸ್ತೆ ಕೆಲಸ. ದರ್ಬೆಯಲ್ಲಿ ರಸ್ತೆಯಿಂದ ತುಸು ಒಳಗೆ ನಮ್ಮ ಬಾಡಿಗೆ ಮನೆ. ಮಗನಿಗೆ ನಾಲ್ಕು ತುಂಬಿದರೂ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದರೆ ಮಾತ್ರ ಕಿವಿ ಮುಚ್ಚಿಕೊಂಡು ಮಂಚದ ಅಡಿಗೆ ಓಡುತ್ತಿದ್ದ. ಇಂಥ ಮಕ್ಕಳಿಗೆ ಈಗ ಡಾಕ್ಟರರು ಹೆಸರಿಟ್ಟಿದ್ದಾರೆ, ಶಾಲೆಗಳೂ ಇವೆ. ಆಗ ಜನ "ಪಾಪ, ಬುದ್ಧಿ ಬೆಳೆದಿಲ್ಲ" ಎನ್ನುತ್ತಿದ್ದರು, ಅಷ್ಟೆ. ಅವನು ಉಣ್ಣುತ್ತಿದ್ದುದು ಬೆಳ್ತಿಗೆ ಅಕ್ಕಿಯ ಬಿಳೀ ಗಂಜಿ ಮಾತ್ರ. ಅದರಲ್ಲಿ ಒಂದು ಸಾಸಿವೆ ಕಾಳು ತೇಲಿದರೂ ಬಟ್ಟಲು ದೂಡಿ ಏಳುತ್ತಿದ್ದ.

ಮುಸ್ಸಂಜೆಯಾದರೆ ಅವನು ಹೊಸ್ತಿಲು ಎಡವತೊಡಗಿದ. ಡಾಕ್ಟರರಿಗೆ ತೋರಿಸಿದೆವು. "ಬರೀ ಗಂಜಿಯಲ್ಲಿ ಎಂತ ಉಂಟು? ಮೊಟ್ಟೆ, ಸೊಪ್ಪು, ಬಪ್ಪಂಗಾಯಿ ಹಣ್ಣು ಕೊಡಿ. ಹೀಗೇ ಬಿಟ್ಟರೆ ಕಣ್ಣು ಹೋಗುದು" ಎಂದರು ಅವರು. ಕುಡಿಸಲು ಕೊಟ್ಟ ಮೀನೆಣ್ಣೆಯನ್ನು ಮಗ ಅಲ್ಲೇ ಉಗಿದ. ಅತ್ತೆಗೆ ಹೇಳಿಕಳಿಸಿದೆವು. ಬುಟ್ಟಿಯಲ್ಲಿ ಮೊಟ್ಟೆಯಿಡುವ ಒಂದು ಹೇಂಟೆ ಕೋಳಿ ಸಮೇತ ಅವರು ಬಸ್ಸಿಳಿದರು.

ಬಂದ ಮರುದಿನವೇ ಬಸಳೆ ಸೊಪ್ಪಿನ ಪದಾರ್ಥದಲ್ಲಿ ಅನ್ನ ಕಲಸಿ ಮಗನನ್ನು ಕರೆದರು. ಅವನು ಮುಖ ತಿರುಗಿಸಿದ. ಮುದ್ದು ಮಾಡಿದರು, ಹಾಡಿದರು, ಕಾಗೆ ತೋರಿಸಿದರು. ಕೊನೆಗೆ, "ಕಣ್ಣು ಹೋದ ಮೇಲೆ ಮುದ್ದು ಮಾಡಿ ಎಂತ ಪ್ರಯೋಜನ?" ಎಂದು ಅವನನ್ನು ತೊಡೆಯ ಮೇಲೆ ಮಲಗಿಸಿ, ಕೈ ಒತ್ತಿ ಹಿಡಿದು, ಮೂಗು ಮುಚ್ಚಿ, ತೆರೆದ ಬಾಯಿಗೆ ತುತ್ತು ತುರುಕಿದರು. ಆ ಕಾಲದಲ್ಲಿ ಎಲ್ಲ ಮನೆಗಳಲ್ಲಿ ನಡೆಯುತ್ತಿದ್ದದ್ದೇ ಅದು. ಆದರೆ ಮಗ ಅಳಲಿಲ್ಲ. ಅವನ ಮುಖ ಕಪ್ಪಿಟ್ಟಿತು, ಉಸಿರು ಸಿಕ್ಕಿಕೊಂಡಿತು. ಅತ್ತೆಯೇ ಅವನನ್ನು ಮಗುಚಿ ಹಾಕಿ ಬೆನ್ನಿಗೆ ಗುದ್ದಿದರು. ಅನ್ನ ಹೊರಬಿದ್ದ ಮೇಲೆ ಉಸಿರು ಬಂತು.

ಆಮೇಲೆ ಅವನು ಗಂಜಿಯನ್ನೂ ಬಿಟ್ಟ. ನಾವು ಅವನ ಬದುಕಿನ ಆಸೆಯನ್ನೇ ಬಿಡುವ ಹೊತ್ತಿಗೆ ನನ್ನ ಕೈಯಿಂದ ಒಂದಿಷ್ಟು ಗುಟುಕರಿಸಿದ. ಅತ್ತೆ ಎದುರು ಸುಳಿದರೆ ಎದ್ದೇ ಹೋಗುತ್ತಿದ್ದ.

ಅತ್ತೆ ಊರಿಗೆ ಹಿಂದಿರುಗಬಹುದೆಂದು ನಾನು ತಿಳಿದಿದ್ದೆ. ಅವರು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ತಮ್ಮ ಕೈಯನ್ನೇ ನೋಡಿಕೊಂಡು, "ನಾನು ಅವನ ಹೊಟ್ಟೆ ನೋಡಿದೆ ಮಾರಾಯ್ತಿ, ಹೆದರಿಕೆ ನೋಡಲಿಲ್ಲ" ಎಂದರು. ಅಂದಿನಿಂದ ಮಗ ಉಣ್ಣಲು ಕೂತರೆ ಅವರು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಸಂದಿಯಿಂದ ನೋಡುತ್ತಿದ್ದರು.

ಮೊಟ್ಟೆಯನ್ನು ಗಂಜಿಯಲ್ಲಿ ಗೊತ್ತಾಗದಂತೆ ಕದಡಿಬಿಡೋಣವೇ ಎಂದು ನಾನೊಮ್ಮೆ ಕೇಳಿದೆ.

"ಬೇಡ ಮಗಳೇ. ಕದ್ದು ಹಾಕುದು ಬೇಡ. ಗೊತ್ತಾದ್ರೆ ಅವ ಗಂಜಿಯನ್ನೂ ನಂಬುದಿಲ್ಲ. ಮತ್ತೆ ಎಂತ ಕೊಡ್ತೀ?"

ಅವನಿಗೆ ಬಿಳಿ ಬಣ್ಣದ ಮೇಲೆ ನಂಬಿಕೆ ಎಂದು ಮೊದಲು ಕಂಡದ್ದು ಅವರಿಗೇ. "ಬಿಳಿಯಿಂದಲೇ ಹೋಗುವ" ಎಂದರು. ಒಂದು ಕಲೆಯೂ ಇಲ್ಲದ ನೀರುದೋಸೆ ಹುಯ್ದು, ಅದರಿಂದ ಒಂದು ಚೂರನ್ನು ಗಂಜಿ ಬಟ್ಟಲಿನ ಪಕ್ಕದಲ್ಲಿ ಇಡಿಸಿದರು. ತಿನ್ನು ಎನ್ನಬಾರದು, ಅವನ ಮುಖ ನೋಡಬಾರದು ಎಂದು ನನಗೆ ಕಟ್ಟಪ್ಪಣೆ. ಎಷ್ಟೋ ದಿನ ಅದು ಹಾಗೇ ಒಣಗಿತು. ಒಂದು ದಿನ ಮೂಸಿದ, ಇನ್ನೊಂದು ದಿನ ಹರಿದು ಎಸೆದ. ನನಗೆ ಸಿಟ್ಟು ಬಂತು. ಬಾಗಿಲ ಹಿಂದಿನಿಂದ ಪಿಸುದನಿ: "ಬೈಬೇಡ. ಮುಟ್ಟಿದನಲ್ಲ!"

ನೀರುದೋಸೆ ಹೊಟ್ಟೆಗೆ ಹೋಗುವಾಗ ಮಳೆಗಾಲ ಮುಗಿದಿತ್ತು. ಆಮೇಲೆ ಬೇಯಿಸಿದ ಮೊಟ್ಟೆಯ ಬಿಳಿ. ಆಮೇಲೆ ಆ ಬಿಳಿಯ ಮೇಲೆ ಚುಕ್ಕಿಯಷ್ಟು ಹಳದಿ. ಅವನು ಅದನ್ನು ನುಂಗಿದ ದಿನ ನಾನು ಬಾಗಿಲ ಹಿಂದೆ ಹೋಗಿ ನೋಡಿದರೆ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು.

ನಮ್ಮ ಕಡೆ ಪಪ್ಪಾಯಿಗೆ ಬಪ್ಪಂಗಾಯಿ ಎನ್ನುವುದು; ಅದರದೇ ದೊಡ್ಡ ಕತೆ. ಹಣ್ಣು ಸೀಳಿ ಜಗಲಿಯಲ್ಲಿಟ್ಟು ಅತ್ತೆ ಒಳಗೆ ಬಂದುಬಿಟ್ಟರು. ಮಗನಿಗೆ ಹಣ್ಣು ಬೇಡ, ಕಪ್ಪು ಬೀಜ ಬೇಕು. ಒಂದೊಂದನ್ನೇ ಕಿತ್ತು ನೆಲದ ಮೇಲೆ ಸಾಲಾಗಿ ಜೋಡಿಸಿದ. ದಿನಾ ಅದೇ ಆಟ. ಬೆರಳಿಗೆಲ್ಲ ತಿರುಳು ಮೆತ್ತುತ್ತಿತ್ತು. ಒಂದು ಮಧ್ಯಾಹ್ನ ಆ ಬೆರಳು ಬಾಯಿಗೆ ಹೋಯಿತು. ನಾನು ಧಾವಿಸುವವಳಿದ್ದೆ, ಅತ್ತೆ ರಟ್ಟೆ ಹಿಡಿದು ನಿಲ್ಲಿಸಿದರು. "ಆಚೆ ತಿರುಗು ಮಾರಾಯ್ತಿ! ನೋಡಿದ್ರೆ ಬಿಡ್ತಾನೆ." ನಾವಿಬ್ಬರೂ ಗೋಡೆಗೆ ಮುಖ ಮಾಡಿ ನಿಂತೆವು. ಹಿಂದಿನಿಂದ ಚೀಪುವ ಸದ್ದು ಕೇಳುತ್ತಿತ್ತು.

ಅವನ ಕಣ್ಣು ಉಳಿಯಿತು. ಸಂಜೆ ಎಡವುವುದು ನಿಂತಿತು. ಅಕ್ಕಪಕ್ಕದವರು "ತಾಯಿಯ ಕೈಗುಣ" ಎಂದರೆ ಅತ್ತೆ "ಹೌದೌದು, ಅವಳ ಕೈಯೇ" ಎನ್ನುತ್ತಿದ್ದರು. ಅಲ್ಲವೆಂದು ನಾನು ಹೇಳಹೊರಟರೆ ಕಣ್ಣಲ್ಲೇ ಗದರುತ್ತಿದ್ದರು.

ಒಂದು ಮಾತ್ರ ಆಗಲಿಲ್ಲ. ಮಗನ ಊಟವಾದ ಮೇಲೆ ಅತ್ತೆ ತಮ್ಮ ಬಟ್ಟಲಿನಿಂದ ಒಂದು ತುತ್ತು ಮಾಡಿ, ದೂರದಿಂದಲೇ ಅವನತ್ತ ಚಾಚುತ್ತಿದ್ದರು. ಅವನು ಮುಖ ತಿರುಗಿಸುತ್ತಿದ್ದ. ಅವರೇ ಅದನ್ನು ಉಣ್ಣುತ್ತಿದ್ದರು. "ಬಿಡಿ ಅಮ್ಮ, ಯಾಕೆ ಸುಮ್ಮನೆ?" ಎಂದು ನನ್ನ ಗಂಡ ನೊಂದುಕೊಂಡರೆ, "ಕೇಳುದು ಮಾತ್ರ ನಾನು. ಬೇಡ ಅಂದ್ರೆ ಬೇಡ" ಎನ್ನುತ್ತಿದ್ದರು. ಹೀಗೆಯೇ ವರ್ಷಗಳು ಕಳೆದವು.

ಅರುವತ್ತರ ದಶಕದ ನಡುವಿನಲ್ಲಿ ಅತ್ತೆ ಜ್ವರದಿಂದ ಮಲಗಿದವರು ಏಳಲಿಲ್ಲ. ಎದ್ದು ಸಂದಿಯಿಂದ ನೋಡಲಾಗದಿದ್ದರೂ ಹಾಸಿಗೆಯನ್ನು ಆ ಬಾಗಿಲ ಹಿಂದೆಯೇ ಹಾಕಿಸಿಕೊಂಡಿದ್ದರು. ಕೊನೆಯ ದಿನ ನಾನು ಕೇಳಿದೆ: "ಅತ್ತೆ, ಅವನನ್ನು ಕರೆದುಕೊಂಡು ಬರಲಾ? ಒಂದು ತುತ್ತು ಕೊಡಿ. ಇವತ್ತು ತೆಗೆದುಕೊಳ್ಳುವ ಹಾಗೆ ನಾನು ಮಾಡ್ತೇನೆ."

"ಬೇಡ. ನಾನು ಸಾಯ್ತೇನೆ ಅಂತ ಅವ ಬಾಯಿ ತೆರೀಬೇಕಾ?" ನನ್ನತ್ತ ಹೊರಳಿ ಕೇಳಿದರು: "ಮಧ್ಯಾಹ್ನ ಎಂತ ಉಂಡ?"

"ಹರಿವೆ ಸೊಪ್ಪಿನ ಪಲ್ಯ."

"ಕೆಂಪು ಹರಿವೆಯಾ?"

"ಕೆಂಪು. ಇನ್ನೊಮ್ಮೆ ಹಾಕಿಸಿಕೊಂಡ."

ಅವರು ಕಣ್ಣು ಮುಚ್ಚಿಕೊಂಡರು. ಮರುದಿನ ಬೆಳಿಗ್ಗೆ ಹೋದರು.

ಕ್ರಿಯೆಗೆ ಬಂದ ನೆಂಟರು ಹೋದ ಮೇಲೆ ಮನೆಯಲ್ಲಿ ನಾವಷ್ಟೇ ಉಳಿದೆವು. ಮಗನಿಗೆ ಬಡಿಸಿದೆ. ಅವನು ಕೂತ, ಬಟ್ಟಲು ಮುಟ್ಟಲಿಲ್ಲ. ಎದ್ದು ನೇರವಾಗಿ ಅಡುಗೆಮನೆಯ ಬಾಗಿಲ ಬಳಿಗೆ ಹೋದ, ಅದನ್ನು ಎಳೆದು ಹಿಂದೆ ಇಣುಕಿದ. ಖಾಲಿ ಗೋಡೆಯನ್ನು ನೋಡುತ್ತ ಬಹಳ ಹೊತ್ತು ನಿಂತ. ಬಾಗಿಲನ್ನು ಮೊದಲಿನಂತೆಯೇ ಸರಿಸಿ ಬಂದು ಕೂತ.

ಅವನಿಗೆ ಗೊತ್ತಿತ್ತು. ಅಷ್ಟೂ ವರ್ಷ, ಪ್ರತಿ ಊಟದಲ್ಲೂ, ಅಜ್ಜಿ ಅಲ್ಲಿದ್ದಾರೆಂದು ಗೊತ್ತಿದ್ದೇ ಅವನು ಉಣ್ಣುತ್ತಿದ್ದ. ಆದರೆ ಅತ್ತೆ, ತಾವು ಕಣ್ಣಿಗೆ ಬೀಳದಿದ್ದರೆ ಮಾತ್ರ ಮೊಮ್ಮಗ ಉಣ್ಣುತ್ತಾನೆ ಎಂದುಕೊಂಡೇ ಸತ್ತರು.

ಅವತ್ತು ಅವನು ಉಣ್ಣಲಿಲ್ಲ. ನಾನು ಒತ್ತಾಯ ಮಾಡಲಿಲ್ಲ.