ಟಂಟಂ ಹಾಡು ಮತ್ತು ನಮ್ಮ ದೊಡ್ಡವ್ವ

ತುರ್ವಿಹಾಳದ ನಮ್ಮ ದೊಡ್ಡವ್ವ ಭತ್ತದ ನಾಟಿ ಕೂಲಿಗೆ ಹೋಗುವವಳು. ಮುಂಜಾನೆ ಗೊರೇಬಾಳದ ಕಡೆ ಹೊರಡುವ ಮೂರು ಗಾಲಿಯ ಟಂಟಂ ಗಾಡಿಗೆ ಯಾವಾಗಲೂ ಕಡೆಯವಳಾಗಿ ಓಡಿ ಬರುತ್ತಿದ್ದಳು. ಬುತ್ತಿಗಂಟು ಎತ್ತಿ ಹಿಡಿದು, “ನಿಂದರಲೇ ಟಂಟಂ, ನಾ ಬರಾಕತ್ತೀನಿ” ಎಂದು ಕೂಗಿದರೆ ಓಣಿಯೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು.

ನಾನು ಸಿಂಧನೂರಿನಲ್ಲಿ ಮದುವೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುತ್ತೇನೆ. ಒಂದು ದಿನ ತುರ್ವಿಹಾಳಕ್ಕೆ ಹೋದಾಗ ಆ ಕೂಗನ್ನು ಅವಳಿಗೆ ತಿಳಿಯದಂತೆ ಮೊಬೈಲಿನಲ್ಲಿ ಹಿಡಿದೆ. ಕುಣಿಯುವ ತಾಳ ಕೂಡಿಸಿ, ದಿನಾ ಗಾಡಿ ತಪ್ಪಿಸಿಕೊಳ್ಳುವ ಹೆಂಗಸಿನ ಮೇಲೆ ನಾಲ್ಕು ತಮಾಷೆ ಸಾಲು ಬರೆದು ಯೂಟ್ಯೂಬಿಗೆ ಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಲಿಂಗಸುಗೂರಿನ ಡಿಜೆಗಳಲ್ಲಿ, ಮಸ್ಕಿಯ ಟ್ರ್ಯಾಕ್ಟರುಗಳಲ್ಲಿ ಅದೇ ಹಾಡು. ಕಾಲೇಜು ಹುಡುಗಿಯರು ರೀಲ್ಸ್ ಮಾಡಿದರು. ಆಟೋದವರು ಗಾಡಿಯ ಹಿಂದೆ ‘ನಿಂದರಲೇ ಟಂಟಂ’ ಎಂದು ಬರೆಸಿಕೊಂಡರು. ನಾನು ಉಬ್ಬಿಹೋಗಿದ್ದೆ.

ದೊಡ್ಡವ್ವನ ಮಗಳು ಫೋನ್ ಮಾಡಿದಾಗಲೇ ಉಳಿದದ್ದು ಗೊತ್ತಾಯಿತು. ದೊಡ್ಡವ್ವ ಕೂಗಿದರೆ ಡ್ರೈವರುಗಳು ಹಾಡು ಹಚ್ಚಿ ಬೇಕಂತಲೇ ಗಾಡಿ ಮುಂದೆ ಒಯ್ಯುತ್ತಿದ್ದರಂತೆ. ಅವಳು ಓಡುವುದನ್ನು ಒಳಗೆ ಕೂತವರು ವಿಡಿಯೊ ತೆಗೆಯುತ್ತಿದ್ದರಂತೆ. ಹಾಗೆ ಓಡುವಾಗಲೇ ಕಾಲುವೆ ರಸ್ತೆಯಲ್ಲಿ ಬಿದ್ದು ಮುಂಗೈ ಮುರಿದುಕೊಂಡಿದ್ದಳು.

ನಾನು ಹೋದಾಗ ಒಂದೇ ಕೈಯಲ್ಲಿ ಶೇಂಗಾ ಸುಲಿಯಲು ಒದ್ದಾಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಊಟ ಆಯಿತೇ ಎಂದು ಕೇಳಿದಳು. ತಪ್ಪಾಯಿತು ಎಂದೆ. ಸುಲಿದಷ್ಟು ಶೇಂಗಾವನ್ನು ನನ್ನ ಕಡೆ ಸರಿಸಿ ಹೇಳಿದಳು: “ಹಾಡು ಚಲೋನ ಐತಿ. ಆದ್ರ ನನ್ನ ದನಿ ಹಾಕೀಯಲ್ಲ, ಒಂದು ಮಾತು ಕೇಳಬೇಕಿತ್ತು. ಮೊದ್ಲ ಎಲ್ಲಾರೂ ನನ್ನ ಜೋಡಿ ನಗತಿದ್ರು. ಈಗ ನನ್ನ ನೋಡಿ ನಗತಾರ.”

ಅಲ್ಲೇ ಕೂತು ಹಾಡನ್ನು ಅಳಿಸಿದೆ. ಆದರೆ ಅದಾಗಲೇ ಎಲ್ಲರ ಫೋನು ಸೇರಿತ್ತು. ಟಂಟಂ ಸ್ಟ್ಯಾಂಡಿಗೆ ಹೋಗಿ ಡ್ರೈವರುಗಳಿಗೆ ಕೈಮುಗಿದೆ. ಕೆಲವರು ನಕ್ಕರು. ಹಿರಿಯ ಡ್ರೈವರೊಬ್ಬ ಮಾತ್ರ ತಲೆ ತಗ್ಗಿಸಿ, ಮುರಿದ ಕೈ ಕೂಡಿದ ಮೇಲೆ ಅವಳ ಮನೆ ಬಾಗಿಲಿಗೇ ಗಾಡಿ ತರುವುದಾಗಿ ಹೇಳಿದ. ಹಾಗೇ ನಡೆದುಕೊಂಡ. ದೊಡ್ಡವ್ವ ಈಗ ಮತ್ತೆ ನಾಟಿಗೆ ಹೋಗುತ್ತಾಳೆ. ಗಾಡಿಯಲ್ಲಿ ಮಾತು ಕಡಿಮೆ ಮಾಡಿದ್ದಾಳಂತೆ.

ಹೋದ ತಿಂಗಳು ಮಸ್ಕಿಯ ಮದುವೆಯೊಂದರಲ್ಲಿ ಜನ ಆ ಹಾಡೇ ಬೇಕೆಂದರು. ನನಗೆ ಅದು ನುಡಿಸಲು ಬರುವುದಿಲ್ಲ ಎಂದೆ. ಮದುಮಗನ ಗೆಳೆಯನೊಬ್ಬ ತನ್ನ ಫೋನನ್ನೇ ಸ್ಪೀಕರಿಗೆ ಸಿಕ್ಕಿಸಿದ. ದೊಡ್ಡವ್ವನ ದನಿ ಪೆಂಡಾಲಿನ ತುಂಬ ಕೇಳಿತು. ಕುಣಿಯುತ್ತಿದ್ದ ಒಬ್ಬರಿಗೂ ಅದು ಯಾರದೆಂದು ಗೊತ್ತಿರಲಿಲ್ಲ. ಹೇಳಬೇಕೆಂದು ಮೈಕ್ ಕೈಗೆ ತಗೊಂಡೆ. ಹೇಳಿದರೆ ಅವಳ ಹೆಸರೂ ಊರೂರು ತಿರುಗೀತು ಅನ್ನಿಸಿ, ಕೆಳಗಿಟ್ಟೆ.