ಅಪ್ಪ ತಂದ ಪಾತ್ರೆ ತೊಳೆಯುವ ಮೆಷಿನ್ನು

ನಮ್ಮ ಬಂಗಾರಪೇಟೆ ಮನೆಗೆ ಪಾತ್ರೆ ತೊಳೆಯುವ ಮೆಷಿನ್ನು ಬಂದು ಒಂದು ತಿಂಗಳಾಯಿತು. ತಂದವಳು ಸೊಸೆ. ಅಡಿಯಲ್ಲಿರುವ ಜಾಲರಿಯನ್ನು ವಾರಕ್ಕೊಮ್ಮೆ ತೆಗೆದು ತೊಳೆಯಬೇಕು ಎಂದು ಮೆಷಿನ್ನು ಜೋಡಿಸಲು ಬಂದವನು ಹೇಳಿಹೋಗಿದ್ದ. ಯಾರು ಕೇಳಿಸಿಕೊಂಡರು! ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಗಬ್ಬು ವಾಸನೆ. ಕನ್ನಡಕ ಏರಿಸಿಕೊಂಡು, ನೆಲದ ಮೇಲೆ ಕೂತು ಜಾಲರಿ ಎಳೆದೆ. ರಾಗಿ ಮುದ್ದೆಯ ಸೀಕು ಕಪ್ಪಗೆ ಮೆತ್ತಿಕೊಂಡಿತ್ತು. ಹಳಸಿದ ರಾಗಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಈ ವಾಸನೆಯನ್ನು ಇಂಥದೇ ಮೆಷಿನ್ನಿನಿಂದ ನಾನು ಹನ್ನೊಂದನೆಯ ವಯಸ್ಸಿನಲ್ಲೇ ಮೂಸಿದ್ದೇನೆ.

ನಂಬುವುದಿಲ್ಲ ಅಲ್ಲವೇ? ಐವತ್ತರ ದಶಕ, ಕೆಜಿಎಫ್‌ನ ಗಣಿ ಕಾರ್ಮಿಕರ ಸಾಲುಮನೆಗಳ ಲೈನು, ಅಲ್ಲಿ ಪಾತ್ರೆ ತೊಳೆಯುವ ಮೆಷಿನ್ನು! ಸ್ವಲ್ಪ ತಾಳಿ, ಹೇಳುತ್ತೇನೆ.

ಅಪ್ಪ ಗಣಿಯೊಳಗೆ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದ. ಊರು ಬೂದಿಕೋಟೆ ಕಡೆ. ಹೊಲ ಅಣ್ಣತಮ್ಮಂದಿರಿಗೆ ಬಿಟ್ಟು ಗಣಿಗೆ ಬಂದವನು. ಓದು ಬರಹ ಇಲ್ಲ, ಆದರೆ ಯಾವ ಮೋಟಾರಿಗೆ ಏನು ಕಾಯಿಲೆ ಎಂದು ಕಿವಿ ಇಟ್ಟು ಹೇಳುತ್ತಿದ್ದ. ಆ ಜಂಬವೂ ಇತ್ತು. ನಮ್ಮದು ಒಂದೇ ಕೋಣೆ, ಮುಂದೊಂದು ಜಗಲಿ. ಬಚ್ಚಲಿಲ್ಲ. ಇಪ್ಪತ್ತು ಮನೆಗೆ ಸೇರಿ ಬೀದಿಯ ಕೊನೆಯಲ್ಲಿ ಒಂದು ನಲ್ಲಿ, ಅದರಲ್ಲಿ ನೀರು ಬರುವುದು ಬೆಳಿಗ್ಗೆ ಒಂಬತ್ತರಿಂದ ಹತ್ತು. ಹೆಂಗಸರೆಲ್ಲ ಅಲ್ಲೇ ಕೂತು ಒಲೆಬೂದಿ, ತೆಂಗಿನ ನಾರು ಹಿಡಿದು ಪಾತ್ರೆ ಉಜ್ಜಬೇಕು.

ಬೂದಿಯಲ್ಲಿ ಉಜ್ಜಿ ಉಜ್ಜಿ ಅಮ್ಮನ ಅಂಗೈ ಬಿರಿಯಿತು. ಮೊದಲು ಗೀರು, ಆಮೇಲೆ ರಕ್ತ. ಹಿಟ್ಟು ನಾದಲೂ ಆಗದಂತಾದಾಗ ಅಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮುಲಾಮು ಕೊಟ್ಟು, "ಮೂರು ತಿಂಗಳು ಬೂದಿ ಮುಟ್ಟಬಾರದು, ನೀರಲ್ಲಿ ಕೈ ಹಾಕಬಾರದು" ಎಂದರು.

ಮನೆಯಲ್ಲಿ ಉಳಿದ ಹೆಣ್ಣು ನಾನೊಬ್ಬಳೇ. ನಲ್ಲಿಗೆ ಹೋದೆ. ನನ್ನ ಶಾಲೆ ಆಂಡರ್ಸನ್‌ಪೇಟೆಯಲ್ಲಿ, ಗಂಟೆ ಹೊಡೆಯುವುದು ಒಂಬತ್ತೂವರೆಗೆ. ನೀರು ಬಂದರೆ ಶಾಲೆ ಹೋಯಿತು. ಹೀಗೆ ಹದಿನೈದು ದಿನ ಕಳೆಯಿತು. ನನ್ನ ಟೀಚರು, ಬರುವ ವಾರ ಕಳೆದು ಅದರಾಚೆಯ ಸೋಮವಾರಕ್ಕೂ ಬರದಿದ್ದರೆ ಹೆಸರು ಹೊಡೆದುಹಾಕುತ್ತಾರಂತೆ ಎಂದು ಪಕ್ಕದ ಮನೆ ಹುಡುಗಿಯ ಕೈಲಿ ಹೇಳಿ ಕಳಿಸಿದರು.

ಊರಿಂದ ಅಮ್ಮನನ್ನು ನೋಡಲು ಬಂದಿದ್ದ ಅಜ್ಜಿಗೆ ಇದು ಒಳ್ಳೆಯ ಸುದ್ದಿಯಾಗಿಯೇ ಕೇಳಿಸಿತು. "ಒಡದಾಕ್ಲಿ ಬುಡು. ಎಣ್ಣುಡ್ಗಿ ಓದಿ ಯಾವ ಕಚೇರಿಗೆ ಓಗ್ಬೇಕು? ಇಸ್ಕೂಲು ಬುಡ್ಸಿ ಮನೇಲಿ ಇಟ್ಕಳ್ಲಾ ಮುನಿಶಾಮಿ" ಎಂದು ಅಪ್ಪನಿಗೆ ಹೇಳಿ ಸಂಜೆಯ ಬಸ್ಸಿಗೆ ಹೊರಟಳು. ಅವಳಿಗೆ ಮನೆಯಲ್ಲಿ ಎರಡು ಹಸು ಕಾಯುತ್ತಿದ್ದವು.

ಅಮ್ಮ ಬಿರಿದ ಕೈ ತೋರಿಸಿ ಅಪ್ಪನಿಗೆ ಅಂದಳು: "ನನ್ನ ಕೈ ನೋಡ್ರಿ. ಇವಳದ್ದೂ ಇಂಗೇ ಆಗ್ಲಾ?" ಅಪ್ಪನಿಗೆ ಆ ತಿಂಗಳು ರಾತ್ರಿ ಪಾಳಿ, ಬೆಳಿಗ್ಗೆ ಒಂಬತ್ತು ಗಂಟೆಗೆ ಮನೆಯಲ್ಲೇ ಇರುತ್ತಿದ್ದ. ಆದರೆ ಗಂಡಸು ಬೀದಿ ನಲ್ಲಿಯಲ್ಲಿ ಪಾತ್ರೆ ಉಜ್ಜುವುದೇ? ಲೈನಿನಲ್ಲಿ ಅಂಥದ್ದನ್ನು ಕಂಡವರಿಲ್ಲ, ಕೇಳಿದವರಿಲ್ಲ. ಅದನ್ನು ಅಮ್ಮನೂ ಕೇಳಲಿಲ್ಲ, ಅಪ್ಪನೂ ಯೋಚಿಸಲಿಲ್ಲ. ಅಪ್ಪ ಯೋಚಿಸಿದ್ದು ಮೆಷಿನ್ನನ್ನು!

ಗಣಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ಬಂಗಲೆಯ ಸಾಮಾನೆಲ್ಲ ಮಾರಾಟಕ್ಕೆ ಹೊರಗೆ ಇಟ್ಟಿದ್ದರು. ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಬಿಳಿ ಬಣ್ಣದ, ಗಾಲಿ ಇರುವ ಒಂದು ದೊಡ್ಡ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ತಂತಿ ಬುಟ್ಟಿ, ತಳದಲ್ಲಿ ಫ್ಯಾನಿನಂಥ ರೆಕ್ಕೆ. ಬಿಸಿನೀರು ಹುಯ್ದು ಕರೆಂಟು ಕೊಟ್ಟರೆ ರೆಕ್ಕೆ ತಿರುಗಿ ನೀರೆರಚುತ್ತದೆ. ಅಪ್ಪ ಅದನ್ನು ಆರಿಸಿದ ರೀತಿ ಹೇಳಬೇಕು. ಬುಟ್ಟಿ ಎಷ್ಟಗಲ, ನಮ್ಮ ಮುದ್ದೆ ಮಡಕೆ ಹಿಡಿಯುತ್ತದೋ ಇಲ್ಲವೋ, ಅದ್ಯಾವುದನ್ನೂ ನೋಡಲಿಲ್ಲ. ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ, ಕಿವಿ ಕೊಟ್ಟು, "ಬೇರಿಂಗು ಎಂಗವೆ ಗೊತ್ತಾ, ಬಂಗಾರ!" ಎಂದ. ಬಂಗಲೆಯ ಬಟ್ಲರು ಪಾಪ, ಎಂಜಲು ಕೆರೆದು ಹಾಕಬೇಕು, ಪಿಂಗಾಣಿ ತಟ್ಟೆ ಮಾತ್ರ ಇಡಬೇಕು, ಇದಕ್ಕೇ ಬೇರೆ ಪುಡಿ ಇದೆ ಎಂದೆಲ್ಲ ಹೇಳಿದ. ಅಪ್ಪ ನಕ್ಕ. "ಭೂಮಿ ಒಳಗಿಂದ ನೀರೆತ್ತೋನಿಗೆ ತಟ್ಟೆ ತೊಳೆಯೋದು ಯೋಳ್ಕೊಡ್ತೀಯಾ?"

ಭಾನುವಾರ ಪ್ರದರ್ಶನ. ಅರ್ಧ ಲೈನು ನಮ್ಮ ಜಗಲಿಯಲ್ಲಿ. ಅಪ್ಪ ಬುಟ್ಟಿಯನ್ನು ಕಿತ್ತೆಸೆದು ಹಿತ್ತಾಳೆ ತಂಬಿಗೆ, ತಟ್ಟೆ, ತಳಹಿಡಿದ ಮುದ್ದೆ ಮಡಕೆ ಎಲ್ಲ ತುಂಬಿದ. ಬಿಸಿನೀರು ಹುಯ್ದ. ಆಮೇಲೆ ಒಂದು ಬೊಗಸೆ ಒಲೆಬೂದಿ ಹಾಕಿದ. ಪಾತ್ರೆ ತೊಳೆಯಲು ಬೂದಿ ಬೇಡವೇ? ಮೆಷಿನ್ನಿಗೆ ನೋವಾಗಬಾರದೆಂದು ಅದನ್ನು ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿದಿದ್ದ ಬೇರೆ. ಸ್ವಿಚ್ಚು ಒತ್ತಿದ. ಒಳಗೆ ಹಿತ್ತಾಳೆಗೆ ಹಿತ್ತಾಳೆ ಬಡಿದು ಢಣಢಣ ಎಂದಿತು, ಮುಚ್ಚಳದ ಸಂದಿಯಿಂದ ಬೂದಿನೀರು ಚಿಮ್ಮಿ ಮುಂದಿನ ಸಾಲಿನವರ ಮುಖಕ್ಕೆ ರಾಚಿತು, ಮೋಟಾರು ಗೊರ್ ಎಂದು ನರಳಿ ನಿಂತೇಹೋಯಿತು. ಲೈನಿನ ಕರೆಂಟೂ ಹೋಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಪ್ಪ ಬಿಡುವವನೇ? ಆ ವಾರವೆಲ್ಲ ಪಾಳಿ ಮುಗಿಸಿ ಬಂದವನು ನಿದ್ದೆ ಬಿಟ್ಟು ಮೆಷಿನ್ನು ಬಿಚ್ಚುತ್ತಿದ್ದ. ರೆಕ್ಕೆಯ ಕೆಳಗಿನ ಜಾಲರಿಯಲ್ಲಿ ರಾಗಿ, ಬೂದಿ ಸೇರಿ ಗಾರೆಯಾಗಿರುತ್ತಿತ್ತು. ಕೆರೆದು, ತೊಳೆದು, ಎಣ್ಣೆ ಬಿಟ್ಟು, ಜೋಡಿಸಿ, ಮತ್ತೆ ಹಾಕಿದರೆ ಮತ್ತೆ ಗಾರೆ. ಅರ್ಧ ಗಂಟೆಯ ಪಾತ್ರೆಗೆ ಎರಡು ಗಂಟೆಯ ಮೆಷಿನ್ನು ಸೇವೆ. ನಾನು ಮಾತ್ರ ದಿನವೂ ಅವನ ಮುಂದೆಯೇ ಪಾತ್ರೆ ಬುಟ್ಟಿ ಹೊತ್ತು ನಲ್ಲಿಗೆ ಹೋಗುತ್ತಿದ್ದೆ. ಶನಿವಾರ ಪುಸ್ತಕಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ತಳಕ್ಕೆ ಹಾಕಿ ಅತ್ತೆ. ಅಪ್ಪ ನೋಡಿದ. ಸ್ಪಾನರು ಕೈಯಲ್ಲೇ ಇತ್ತು.

ಟೀಚರು ಹೇಳಿದ್ದ ಸೋಮವಾರ ಬಂತು, ನಾನು ಬುಟ್ಟಿಗೆ ಪಾತ್ರೆ ತುಂಬುತ್ತಿದ್ದೆ. ಅಪ್ಪ ಪಾಳಿಯಿಂದ ಬಂದ. ಪೆಟ್ಟಿಗೆ ತೆಗೆದು ಪುಸ್ತಕದ ಗಂಟು ನನ್ನ ಕೈಗೆ ಕೊಟ್ಟು, ಬುಟ್ಟಿಯನ್ನು ತಾನು ಎತ್ತಿಕೊಂಡ. "ಓಗು. ಗಂಟೆ ಒಡೀತದೆ."

"ಎಲ್ಲಾರೂ ನಗ್ತಾರೆ ಕಣಪ್ಪಾ" ಎಂದೆ.

"ನಗ್ಲಿ. ನೀನು ಓಗು."

ನಲ್ಲಿಯ ದಾರಿಯೇ ಶಾಲೆಯ ದಾರಿ. ಅಪ್ಪ ಪಂಚೆ ಎತ್ತಿಕಟ್ಟಿ ಹೆಂಗಸರ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತ. ಎಲ್ಲರ ಕೈಯೂ ನಿಂತಿತು. ಅವನ ಜೊತೆ ಪಂಪಿನಲ್ಲಿದ್ದ ದೊರೈಕಣ್ಣು ಸೈಕಲ್ಲಿನಲ್ಲಿ ಬಂದವನು ಕಾಲೂರಿ, "ಎನ್ನಣ್ಣೇ, ಪಾತ್ತಿರಂ ತೇಯ್ಕಿರೀಂಗಳಾ?" ಎಂದು, ಪಾತ್ರೆ ಉಜ್ಜುತ್ತಿದ್ದೀರಾ ಅಂತ ತನ್ನ ತಮಿಳಿನಲ್ಲಿ ಇಡೀ ಬೀದಿಗೆ ಕೇಳುವಂತೆ ಕೂಗಿದ. ಅಪ್ಪನ ಕಿವಿ ಕೆಂಪಾಯಿತು. ತಲೆ ಎತ್ತದೆ, ಬೂದಿ ತೆಗೆದುಕೊಂಡು, "ಊಂ ಕಣಪ್ಪಾ, ತೇಯ್ತಾವ್ನಿ. ನನ್ನ ಮಗಳು ಇಸ್ಕೂಲಿಗೆ ಓಗ್ಬೇಕು" ಎಂದ. ನಾನು ಓಡಿದೆ. ಗಂಟೆಗೆ ಮೊದಲೇ ಶಾಲೆ ತಲುಪಿದೆ.

ಅಮ್ಮನ ಕೈ ವಾಸಿಯಾಗಲು ಮೂರಲ್ಲ, ಐದು ತಿಂಗಳು ಹಿಡಿಯಿತು. ಅಷ್ಟೂ ದಿನ ಅಪ್ಪನೇ ಉಜ್ಜಿದ. ಪಾಳಿ ಬದಲಾದಾಗ ಯಾರದೋ ಕೈಕಾಲು ಹಿಡಿದು ರಾತ್ರಿಯದನ್ನೇ ಉಳಿಸಿಕೊಂಡ. ನಾನು ಓದಿದೆ, ಟೀಚರಾದೆ, ಕಾಮಸಮುದ್ರದಲ್ಲಿ, ಇಲ್ಲಿ ಬಂಗಾರಪೇಟೆಯಲ್ಲಿ ಪಾಠ ಹೇಳಿ ನಿವೃತ್ತಳೂ ಆದೆ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಬೂದಿ ಜರಡಿ ಹಿಡಿದ ಕಥೆಯನ್ನು ನಾನು ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಕರೆಂಟು ಹೋಯಿತು ಎನ್ನುವಲ್ಲಿಗೆ ನಿಲ್ಲಿಸಿಬಿಡುತ್ತಿದ್ದೆ. ಮುಂದಿನದನ್ನು ಗಂಡನಿಗೂ ಹೇಳಿರಲಿಲ್ಲ. ಟೀಚರಮ್ಮನ ಅಪ್ಪ ಬೀದಿ ನಲ್ಲಿಯಲ್ಲಿ ಹೆಂಗಸರ ನಡುವೆ ಕೂತು ಪಾತ್ರೆ ಉಜ್ಜುತ್ತಿದ್ದ ಎನ್ನಲು ನನಗೆ ನಾಚಿಕೆ. ಅಪ್ಪ ಒಂದು ಬೆಳಿಗ್ಗೆ ಬಿಟ್ಟ ನಾಚಿಕೆಯನ್ನು ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದೆ, ಅದೂ ಅವನು ಓದಿಸಿದ ಓದಿನ ಮೇಲೆ ಕೂತು.

"ಏನತ್ತೆ, ಒಬ್ಬರೇ ಅಳ್ತಿದೀರಿ?" ಎಂದು ಸೊಸೆ ಬಂದು ಪಕ್ಕದಲ್ಲಿ ಕೂತಳು. ಎಲ್ಲವನ್ನೂ ಹೇಳಿದೆ. ಈ ಸಲ ನಲ್ಲಿಯಿಂದಲೇ ಶುರುಮಾಡಿದೆ.