ದಬದಬೆಗೆ ಹೊತ್ತೊಯ್ದ ನೀರು

ನಮ್ಮ ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಒಂದು ಹಿತ್ತಾಳೆಯ ತಂಬಿಗೆ ಕುಳಿತಿದೆ. ಹೊಟ್ಟೆ ದುಂಡು, ಕೊರಳು ಗಿಡ್ಡ, ಕೊರಳ ಮೇಲೆ ತಿರುವಿ ಕೂಡಿಸುವ ಮುಚ್ಚಳ. ಪ್ರಯಾಣದಲ್ಲಿ ನೀರು ತುಳುಕದಿರಲೆಂದು ಯಾರೋ ಪುಣ್ಯಾತ್ಮನಾದ ಕಂಚಗಾರ ಕಂಡುಹಿಡಿದ ಈ ಸಾಧನಕ್ಕೆ ನಮ್ಮ ಕಡೆ ಫಿರಕಿ ತಂಬಿಗೆ ಎನ್ನುತ್ತಾರೆ. ಅದು ನಮ್ಮ ಮನೆಗೆ ಬಂದದ್ದು ನನ್ನ ಹೆಂಡತಿ ನೀಲವ್ವನ ತವರಿನಿಂದ, ಅವಳ ಜೊತೆಗೇ. ಇಬ್ಬರಲ್ಲಿ ಹೆಚ್ಚು ಸದ್ದು ಮಾಡದೆ ಬಾಳಿದವರು ಯಾರೆಂದು ನಾನು ಬರೆಯುವುದಿಲ್ಲ, ಏಕೆಂದರೆ ಅವಳಿಗೆ ಕನ್ನಡ ಓದಲು ಬರುತ್ತದೆ. ಮುಚ್ಚಳದ ಅಂಚಿನಲ್ಲಿ ಬಟಾಣಿ ಕಾಳಿನಷ್ಟು ಒಂದು ತಗ್ಗು ಇದೆ. ದಿನವೂ ಕೈಗೆ ತಗಲುವ ಆ ತಗ್ಗು ನನಗೆ ಏನನ್ನೋ ನೆನಪಿಸುತ್ತದೆ; ಇಂದು ನಿಮ್ಮ ಕೈಗೂ ತಗಲಿಸೋಣ ಎನ್ನಿಸಿತು.

ಗೆಳೆಯರೇ, ನಾನು ಕಾಳಜಿಯ ಮನುಷ್ಯ. ನಮ್ಮಲ್ಲಿ ಕಾಳಜಿ ಎಂದರೆ ಚಿಂತೆಯೂ ಹೌದು, ಅಕ್ಕರೆಯೂ ಹೌದು. ಎರಡು ಅರ್ಥಗಳ ನಡುವಿನ ಗೋಡೆ ತೀರ ತೆಳು. ಆದ್ದರಿಂದ ನನ್ನಂಥವನು ಇಡೀ ಆಯುಷ್ಯ ಮೊದಲನೆಯದರ ಮನೆಯಲ್ಲಿ ವಾಸವಾಗಿದ್ದು, ಕೇಳಿದವರಿಗೆ ಎರಡನೆಯದರ ವಿಳಾಸ ಕೊಡುತ್ತ ಬದುಕಿಬಿಡಬಹುದು. ಬಸ್ಸು ತಡವಾದರೆ ದಾರಿಯಲ್ಲಿ ಏನಾಯಿತೋ ಎಂದು ಹೆದರುತ್ತೇನೆ. ವೇಳೆಗೆ ಸರಿಯಾಗಿ ಬಂದರೆ ಡ್ರೈವರ ಎಷ್ಟು ಜೋರಾಗಿ ಓಡಿಸಿಕೊಂಡು ಬಂದನೋ ಎಂದು ಹೆದರುತ್ತೇನೆ. ಇಂಥ ನಾನು ಸಿಂದಗಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಕಾಲಕ್ಕೆ, ಕನ್ನಡ ನಾಡು ಒಂದಾದ ಕೆಲವು ವರ್ಷಗಳ ಮೇಲೆ, ಒಂದು ಸರಕಾರಿ ಕಾಗದ ಬಂತು. ಬಡ್ತಿ ಕೊಟ್ಟಿದ್ದೇವೆ, ಯಲ್ಲಾಪುರಕ್ಕೆ ಹೋಗು. ಹದಿನೈದು ದಿನದೊಳಗೆ ಒಪ್ಪಿಗೆ ಬರೆ, ಇಲ್ಲವಾದರೆ ಸಾಲಿನಲ್ಲಿ ನಿನ್ನ ಹಿಂದಿರುವವನಿಗೆ ಕೊಡುತ್ತೇವೆ ಎಂಬುದು ಅದರ ಸಾರಾಂಶ.

ಯಾರಾದರೂ ಮೊದಲು ಹೆಂಡತಿಗೆ ಹೇಳುತ್ತಿದ್ದರು. ನಾನು ಕೋಟಿನ ಒಳಗಿಸೆಯಲ್ಲಿ ಇಟ್ಟುಕೊಂಡೆ. ಕಿಸೆಗಳ್ಳರ ಕಾಟವೆಂದು ಸುಳ್ಳು ಹೇಳಿ ಅದಕ್ಕೊಂದು ಗುಂಡಿಯನ್ನೂ ಹಚ್ಚಿಸಿಕೊಂಡೆ. ಹಚ್ಚಿದವಳು ನೀಲವ್ವನೇ.

ಹೇಳದಿರುವುದಕ್ಕೆ ನನ್ನ ಬಳಿ ಘನವಾದ ಕಾರಣವಿತ್ತು: ಅವಳ ಕಾಳಜಿ. ಯಲ್ಲಾಪುರವೆಂದರೆ ಅಡವಿ, ಆರು ತಿಂಗಳ ಮಳೆ, ರಕ್ತ ಹೀರುವ ಇಂಬಳ, ಚಳಿಜ್ವರ. ಎರೆ ನೆಲದ ಬಿಸಿಲಲ್ಲಿ ಬೆಳೆದವಳು ಅಲ್ಲಿ ಹೇಗೆ ತಾಳಿಯಾಳು? ಆದರೆ ಬೇರೊಂದು ಲೆಕ್ಕವೂ ಇತ್ತು, ಅದನ್ನು ನಾನು ಮಾಡಲಿಲ್ಲ. ನಮ್ಮ ಓಣಿಯ ಬಾವಿಯ ನೀರು ಸವಳು; ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ. ಸಿಹಿನೀರಿನ ಬಾವಿ ಊರಾಚೆ, ಒಂದು ಮೈಲು. ಮದುವೆಯಾದಾಗಿನಿಂದ ಹದಿನಾರು ವರ್ಷ, ದಿನಕ್ಕೆರಡು ಬಾರಿ, ತಲೆಯ ಮೇಲೊಂದು ಬಗಲಲ್ಲೊಂದು ಕೊಡ ಹೊತ್ತು ನೀಲವ್ವ ಆ ದಾರಿ ತುಳಿದಿದ್ದಳು. ನಾನು ಆ ನೀರನ್ನು ಕುಡಿದಿದ್ದೆ. ನಮ್ಮ ನಮ್ಮ ಪಾಲಿನ ಕೆಲಸವನ್ನು ಇಬ್ಬರೂ ನಿಷ್ಠೆಯಿಂದ ಮಾಡಿದ್ದೆವು.

ಹನ್ನೆರಡು ದಿನ ಹೀಗೆ ಕಳೆದಾಗ, ನಮ್ಮ ಕಚೇರಿಯ ಹುಸೇನಸಾಬ ದೀಪಾವಳಿಯ ರಜೆಗೆ, ಮನೆಯವರನ್ನೂ ಕೂಡಿಸಿಕೊಂಡು, ಒಂದು ಪ್ರವಾಸ ಹೊರಡಿಸಿದ. ಹುಬ್ಬಳ್ಳಿಯಿಂದಾಚೆ ಸರಕಾರ ಕಾಯ್ದಿಟ್ಟ ದೊಡ್ಡ ಅಡವಿ. ಅಡವಿಯ ನಡುವೆ ಜಲಪಾತ, ಅಂದರೆ ನಮ್ಮ ಮಾತಿನಲ್ಲಿ ದಬದಬೆ. ದಾರಿ ತೋರಿಸಲು ಅಡವಿಯವನೇ ಒಬ್ಬ ಗಾರ್ಡು. ಅಡವಿ ಇದ್ದದ್ದು ಯಲ್ಲಾಪುರದ ಮಗ್ಗುಲಿಗೆ! ಮೊದಲ ಬಾರಿಗೆ ಯಾವ ತಕರಾರೂ ಇಲ್ಲದೆ ನಾನು ಹೂಂ ಅಂದೆ. ವೈರಿಯ ದೇಶವನ್ನು ಹೊಕ್ಕು ನೋಡುವ ಗೂಢಚಾರನ ಸಂಭ್ರಮ ನನ್ನದಾಗಿತ್ತು. ಅಲ್ಲಿ ವಾಸಿಸುವುದು ಅಸಾಧ್ಯವೆಂಬುದಕ್ಕೆ ಎರಡು ಸಾಕ್ಷಿ ಸಿಕ್ಕರೆ ಸಾಕಿತ್ತು.

ಹೊರಡುವ ದಿನ ಕಟಕ ರೊಟ್ಟಿ, ಶೇಂಗಾ ಹಿಂಡಿ, ವಾಕರಿಕೆ ಬಂದರೆ ಮೂಸಲು ಇಂಡಿ ಊರಿನ ನಿಂಬೆಹಣ್ಣು, ಇವೆಲ್ಲ ಗಂಟಿಗೆ ಸೇರಿದವು. ನೀಲವ್ವ ಫಿರಕಿ ತಂಬಿಗೆಗೆ ಸಿಹಿನೀರು ತುಂಬಿದಳು. ಮುಚ್ಚಳ ಬಿಗಿಯುವ ಕೆಲಸ ನನ್ನದು. ಒಮ್ಮೆ ಬಿಗಿದೆ, ಸೋರಿದರೆ ಎಂದು ಮತ್ತೊಮ್ಮೆ ಬಿಗಿದೆ, ಹುಬ್ಬಳ್ಳಿಯ ಛತ್ರದಲ್ಲಿ ತಂಗಿ ಮರುದಿನದ ಬಸ್ಸು ಹತ್ತುವ ಮುನ್ನ, ತೆಗೆದು ನೋಡದೆ, ಅರಿವೆ ಸುತ್ತಿ ಮಗದೊಮ್ಮೆ ಬಿಗಿದೆ.

"ರಾಯರ, ದಬದಬಿಗೆ ನೀರ ಒಯ್ಯಾಕತ್ತೀರೇನ್ರಿ?" ಎಂದ ಹುಸೇನಸಾಬ. "ಅಲ್ಲಿ ಕಡಿಮಿ ಬಿದ್ರ ಹಾಕಾಕೇನು?"

"ಪರಊರ ನೀರ ನಂಬಾಂಗಿಲ್ಲಪಾ," ಎಂದೆ.

"ವೈನಿ, ಇವರು ಸ್ವರ್ಗಕ್ಕ ಹೋದ್ರೂ ಬುತ್ತಿ ಕಟಗೊಂಡ ಹೋಗಾವ್ರು!" ಎಂದು ಅವನು ನೀಲವ್ವನಿಗೆ ಹೇಳಿದ.

"ಬುತ್ತಿ ಕಟ್ಟಾಕಿ ನಾನs ಅಲ್ಲೇನಪಾ," ಎಂದಳು ಅವಳು.

ಕಲಘಟಗಿ ದಾಟಿದ ಮೇಲೆ ನೆಲದ ಬಣ್ಣ ಕೆಂಪಾಗುತ್ತ ಹೋಯಿತು. ನಮ್ಮ ಸೀಮೆಯಲ್ಲಿ ಆಕಾಶಕ್ಕೆ ಅಡ್ಡಿಯಿಲ್ಲ. ತಾಂಬಾದಲ್ಲಿ ನಿಂತರೆ ದೇವರ ಹಿಪ್ಪರಗಿಯ ಮೋಡ ಕಾಣುತ್ತದೆ. ಇಲ್ಲಿ ಮರಗಳು ಆಕಾಶವನ್ನು ಚೂರುಚೂರಾಗಿ ಹಂಚಿಕೊಂಡು ಬಿಟ್ಟಿದ್ದವು. ಇದು ಮೊದಲ ಸಾಕ್ಷಿ ಎಂದು ನನ್ನೊಳಗಿನ ಗೂಢಚಾರ ಬರೆದುಕೊಂಡ.

ರಸ್ತೆ ಮುಗಿದಲ್ಲಿ ಗಾರ್ಡು ಕಾಯುತ್ತಿದ್ದ. ಸುಬ್ರಾಯನೆಂದು ಹೆಸರು, ಖಾಕಿ ಚಡ್ಡಿ, ಸೊಂಟದಲ್ಲಿ ಕತ್ತಿ, ಬಾಯಲ್ಲಿ ಎಲೆಯಡಿಕೆಯ ಕವಳ. ಒಬ್ಬರ ಹಿಂದೊಬ್ಬರಾಗಿ ಕಾಲುದಾರಿ ಹಿಡಿದು ತುಸು ದೂರ ಹೋಗಿರಬೇಕು, ಮುಂದಿನಿಂದ ಅವನ ಕೂಗು ಬಂತು: "ಗುಂಡಿ! ಗುಂಡಿ ಹುಷಾರು!"

ನಮ್ಮ ಗಂಡಸರೆಲ್ಲ ನಿಂತು ಅಂಗಿಯ ಗುಂಡಿ ನೋಡಿಕೊಂಡರು. ಹುಸೇನಸಾಬ ಕೊರಳಿನದನ್ನೂ ಹಾಕಿಕೊಂಡ. ನಾನು ಕೋಟಿನೊಳಗೆ ಕೈ ಹಾಕಿ ಒಳಗಿಸೆಯ ಗುಂಡಿ ಭದ್ರವಿದೆಯೇ ಎಂದು ಮುಟ್ಟಿ ನೋಡಿ, ಸಮಾಧಾನದಿಂದ ಒಂದು ಹೆಜ್ಜೆ ಇಟ್ಟು, ತರಗೆಲೆ ಮುಚ್ಚಿದ ಕೆಸರುನೀರಿನಲ್ಲಿ ಮೊಣಕಾಲಮಟ ಇಳಿದೆ. ನೆಲ ಕುಸಿದಿದ್ದರೆ ನಮಗೆ ಅದು ತಗ್ಗು. ಗುಂಡಿ ಎಂದರೆ ಅಂಗಿಗೆ ಹಚ್ಚುವಂಥದು. ಅವರಿಗೆ ತಗ್ಗೇ ಗುಂಡಿಯೆಂದು ನಮಗೇನು ಗೊತ್ತು?

"ಗುಂಡಿ ಅಂತ ಅಷ್ಟು ಕೂಗಿದೆನಲ್ಲ ಮಾರಾಯ್ರೇ, ಕೇಳಲಿಲ್ವಾ?" ಎಂದ ಸುಬ್ರಾಯ.

"ಕೇಳೇ ಹಾಕ್ಕೊಂಡ್ವಲ್ರೀ!" ಎಂದು ಹುಸೇನಸಾಬ ಕೊರಳು ತೋರಿಸಿದ.

ಎಲ್ಲರೂ ನಗುವಾಗ ನೀಲವ್ವ ನನ್ನ ಕೈ ಹಿಡಿದು ಮೇಲೆಳೆದಳು. ಅವಳು ನಗಲಿಲ್ಲ. "ಅವರೆಲ್ಲಾ ಹೊರಗಿನ ಗುಂಡಿ ಮುಟಗೊಂಡ್ರು. ನೀವು ಒಳಗಿಂದು ಮುಟಗೊಂಡ್ರಿ. ಅದರಾಗ ಏನೈತ್ರಿ?"

"ಏನಿಲ್ಲ. ಒಂದು ಕಾಗದ."

"ಕಾಗದ ಇದ್ರ ಏನಿಲ್ಲ ಹೆಂಗಾತು?"

ಉತ್ತರ ಹೊಳೆಯುವಷ್ಟರಲ್ಲಿ ದಬದಬೆಯ ಸದ್ದು ಬಂದು ನನ್ನನ್ನು ಉಳಿಸಿತು.

ಅದನ್ನು ವರ್ಣಿಸಲು ನನ್ನಿಂದಾಗದು. ನೀರನ್ನು ಅಳೆದು ಕುಡಿಯುವವರ ಭಾಷೆಯಲ್ಲಿ ಅಷ್ಟು ನೀರಿಗೆ ಮಾತಿಲ್ಲ. ಬೆಟ್ಟದ ನೆತ್ತಿಯಿಂದ ಒಂದು ಹೊಳೆಗೆ ಹೊಳೆಯೇ ಬೆಳ್ಳಗೆ ಬಿಚ್ಚಿಕೊಂಡು ಬೀಳುತ್ತಿತ್ತು. ಯಾರೂ ಕರೆದಿರಲಿಲ್ಲ, ಯಾರೂ ಸರದಿ ಹಚ್ಚಿ ನಿಂತಿರಲಿಲ್ಲ, ಯಾರ ಕೊಡವೂ ಕೆಳಗಿರಲಿಲ್ಲ. ನಾನು ಜಾರುಬಂಡೆಗಳನ್ನು ಎಣಿಸುತ್ತಿದ್ದೆ. ನೀಲವ್ವ ಮಾತ್ರ ಅಲುಗದೆ ನಿಂತಿದ್ದಳು. ಅವಳ ಬಲಗೈ, ಅವಳಿಗೇ ತಿಳಿಯದಂತೆ, ತಲೆಯ ಮೇಲಿನ ಸಿಂಬೆ ಸರಿಪಡಿಸುವವಳ ಹಾಗೆ ನೆತ್ತಿಯ ಸೆರಗನ್ನು ಮುಟ್ಟಿ ಇಳಿಯಿತು. ಅಲ್ಲಿ ಸಿಂಬೆಯೂ ಇರಲಿಲ್ಲ, ಕೊಡವೂ ಇರಲಿಲ್ಲ. ಅದನ್ನು ನಾನು ಕಂಡೆ. ಕಾಣದವನಂತೆ ಮತ್ತೆ ಬಂಡೆಗಳನ್ನು ಎಣಿಸಿದೆ.

ಊಟಕ್ಕೆ ಕುಳಿತೆವು. ಕಟಕ ರೊಟ್ಟಿ, ಖಾರದ ಹಿಂಡಿ. ಗಂಟಲು ಒಣಗಲು ಇನ್ನೇನು ಬೇಕು? ತಂಬಿಗೆ ತೆಗೆದೆ. ಮುಚ್ಚಳ ತಿರುಗಲಿಲ್ಲ. ಅರಿವೆ ಸುತ್ತಿ ತಿರುವಿದೆ, ಇಲ್ಲ. ಹುಸೇನಸಾಬ ಬಂಡೆಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ತಿರುವಿ, ಕಡೆಗೆ ಒಂದು ಕಲ್ಲಿನಿಂದ ಕುಟ್ಟಿದ. ಮುಚ್ಚಳಕ್ಕೆ ತಗ್ಗು ಬಿತ್ತೇ ಹೊರತು ಅದು ಬಿಚ್ಚಲಿಲ್ಲ. ಎದುರಿಗೆ ಹೊಳೆಯೇ ಧುಮುಕುತ್ತಿರುವಾಗ ಸಿಂದಗಿಯ ಜನ ಒಂದು ತಂಬಿಗೆಯ ಸುತ್ತ ಕುಳಿತು ಬಾಯಿ ಒಣಗಿಸಿಕೊಳ್ಳುತ್ತಿದ್ದೆವು.

ನೀಲವ್ವ ಸುಬ್ರಾಯನತ್ತ ತಿರುಗಿದಳು. "ಅಣ್ಣಾ, ಭಾಳ ನೀರಡಿಕಿ ಆಗೇತಿ."

ಅವನು ಕವಳದ ಸಂಚಿ ಬಿಚ್ಚಿದ. "ನೀರಡಿಕೆ ಈಗ ಎಲ್ಲಿ ಸಿಕ್ತದೆ ಅಕ್ಕಾ? ಅದು ಮಳೆಗಾಲಕ್ಕೆ ಅಂತ ಹಂಡೆಯಲ್ಲಿ ನೆನೆಹಾಕಿ ಇಡೂದು. ಒಣ ಅಡಿಕೆ ಇದೆ, ಕೊಡ್ಲಾ?" ಎಂದು ಎರಡು ಹೋಳು ಅಂಗೈಯಲ್ಲಿ ಹಿಡಿದು ಚಾಚಿದ.

ನೀಲವ್ವ ಅಂಗೈ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಬಾಯಿ ಒಣಗೇತಿ ಅಂದ್ರ ಅಡಿಕಿ ಕೊಡ್ತಾನಲ್ರೀ ಇವಾ!" ಗಂಟಲು ತೋರಿಸಿ, ಬೊಗಸೆ ಮಾಡಿ ತೋರಿಸಿದಳು.

"ಓ! ಆಸರಾ!" ಸುಬ್ರಾಯ ಹಣೆ ಬಡಿದುಕೊಂಡ. "ಆಸರಿಗೆ ಬೇಕು ಅನ್ನಿ ಅಕ್ಕಾ! ಬನ್ನಿ, ಬನ್ನಿ."

ಬಂಡೆಯ ಹಿಂದೆ ಒಂದು ಒರತೆ ಇತ್ತು. ಅಗಲವಾದ ಎಲೆಯೊಂದನ್ನು ಮಡಚಿ ದೊನ್ನೆ ಮಾಡಿ, ಸಂಚಿಯಿಂದ ಬೆಲ್ಲದ ತುಣುಕು ಕೈಗಿತ್ತು, ಬರಿ ನೀರು ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದ. ನೀಲವ್ವ ಎಂಟು ದೊನ್ನೆ ಕುಡಿದಳು. ಕುಡಿದು, ಒದ್ದೆ ಕೈಯನ್ನು ನನ್ನ ಮುಂದೆ ಚಾಚಿದಳು.

"ಇನ್ನ ಕೊಡ್ರಿ ಆ ಕಾಗದ."

ಕೊಟ್ಟೆ. ಇಂಗ್ಲಿಷಿನಲ್ಲಿತ್ತು. "ಓದಿ ಹೇಳ್ರಿ," ಎಂದಳು. ದಬದಬೆಯ ಸದ್ದಿನಲ್ಲಿ ಮೆಲ್ಲಗೆ ಹೇಳಿದ್ದು ಅವಳಿಗೆ ಕೇಳಲಿಲ್ಲ. ಎರಡು ವಾರ ಎದೆಯಲ್ಲಿ ಮುಚ್ಚಿಟ್ಟ ಗುಟ್ಟನ್ನು ನಾನು ಕಿರುಚಿ ಹೇಳಬೇಕಾಯಿತು. ಹುಸೇನಸಾಬನಿಗೂ ಕೇಳಿತು. "ಬಡ್ತಿ ಬಂದೈತೇನ್ರಿ ರಾಯರ? ಪೇಡೆ ಕೊಡಬೇಕಾಗ್ತೈತಂತ ಮುಚ್ಚಿ ಇಟ್ಟಿದ್ರಿ?"

"ಯಾವಾಗ ಹೇಳಬೇಕಂತ?" ಎಂದು ನೀಲವ್ವ ಕೇಳಿದಳು.

"ನಾಡದು ಕಡೀ ದಿವಸ."

ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. ನನಗೆ ತಡೆಯಲಾಗಲಿಲ್ಲ. "ನಿನ್ನ ಕಾಳಜಿಗೇ ಹೇಳಲಿಲ್ಲs. ಇಲ್ಲಿ ಮಾತೂ ತಿಳಿಯಾಂಗಿಲ್ಲ ನೋಡು. ನೀರಡಿಕಿ ಅಂದ್ರ ಅಡಿಕಿ ಕೊಡ್ತಾರ."

"ಅಡಿಕಿ ಕೊಟ್ರು, ಆಮ್ಯಾಲೆ ನೀರೂ ಕೊಟ್ರಲ್ಲ? ಹದಿನಾರು ವರ್ಷ ಕೊಡ ಹೊತ್ತಾಕಿಗೆ ಒಂದು ಹೊಸ ಮಾತ ಹೊರೂದು ಭಾರ ಆಗ್ತೈತೇನ್ರಿ?" ಆಮೇಲೆ, ಹುಸೇನಸಾಬನಿಗೆ ಕೇಳದಷ್ಟು ಹತ್ತಿರ ಬಂದು ಹೇಳಿದಳು: "ಈ ಕಾಳಜಿ ನಂದಲ್ರಿ, ನಿಮ್ಮದು. ಅದನ್ನ ತಂದು ನನ್ನ ತಲಿ ಮ್ಯಾಲೆ ಇಡಬ್ಯಾಡ್ರಿ. ಅಲ್ಲಿ ಮೊದಲs ಕೊಡ ಐತಿ."

ಹಿಂತಿರುಗುವ ಬಸ್ಸಿನಲ್ಲಿ ಮಡಿಲಲ್ಲಿ ತಂಬಿಗೆ ಇಟ್ಟುಕೊಂಡು ನಾನು ಯೋಚಿಸುತ್ತ ಕುಳಿತೆ. ನೀರಿಲ್ಲದ ನಾಡಿನವರು ನಾವು ನಮ್ಮ ದಾಹಕ್ಕೆ ಹೆಸರಿಡುವಾಗ ಅದರೊಳಗೆ ನೀರನ್ನು ಸೇರಿಸಿಕೊಂಡೆವು; ನೀರಿದ್ದವರಿಗೆ ಅದೇ ಹೆಸರು ಅಡಿಕೆಯನ್ನು ನೆನೆಹಾಕಲು ಬಂತು. ಸುಬ್ರಾಯನಿಗೆ ನಮ್ಮ ಮಾತು ತಿಳಿಯಲಿಲ್ಲ, ಆದರೆ ಅವನು ಮುಖ ನೋಡಿದ, ಗಂಟಲು ನೋಡಿದ, ಎದ್ದು ನಡೆದ. ನನಗೆ ಆ ಮಾತಿನ ಅರ್ಥ ಹುಟ್ಟಿದಾಗಿನಿಂದ ಗೊತ್ತು, ಮತ್ತು ಹದಿನಾರು ವರ್ಷಗಳಲ್ಲಿ ಒಂದು ದಿನವೂ ನಾನು ಅವಳನ್ನು ನಿನಗೆ ನೀರಡಿಕೆಯೇ ಎಂದು ಕೇಳಿರಲಿಲ್ಲ. ಬಿಗಿಯುವುದನ್ನೇ ಕಾಪಾಡುವುದು ಎಂದುಕೊಂಡಿದ್ದೆ. ಒಂದು ಹನಿಯೂ ಚೆಲ್ಲಿರಲಿಲ್ಲ, ನಿಜ. ಒಬ್ಬರ ಗಂಟಲಿಗೂ ಇಳಿದಿರಲಿಲ್ಲ.

ಹೀಗೆ ಸಿಂದಗಿಯ ನೀರು ದಬದಬೆಯನ್ನು ನೋಡಿ ಸುಖವಾಗಿ ಸಿಂದಗಿಗೆ ಮರಳಿತು. ನಮ್ಮೂರ ಕಂಚಗಾರ ಮುಚ್ಚಳವನ್ನು ತುಸು ಕಾಸಿ, ಎರಡು ಬೆರಳಲ್ಲಿ ತೆಗೆದು, "ಯಾರ್ರಿ ಇಷ್ಟು ಬಿಗಿದಾವ್ರು?" ಎಂದ. "ಕಾಳಜಿ ಇದ್ದಾವ್ರು," ಎಂದಳು ನೀಲವ್ವ. ಕಡೆಯ ದಿನ, ಕಚೇರಿ ಮುಚ್ಚಲು ಸ್ವಲ್ಪವೇ ಮುಂಚೆ, ನಾನು ಒಪ್ಪಿಗೆ ಬರೆದು ಕೊಟ್ಟೆ.

ಯಲ್ಲಾಪುರದಲ್ಲಿ ನಾಲ್ಕು ವರ್ಷ ಇದ್ದೆವು. ಇಂಬಳ ಕಚ್ಚಿದವು, ನನ್ನನ್ನೇ ಹೆಚ್ಚು. ಹಿತ್ತಲ ಬಾವಿಯ ನೀರು ಮಳೆಗಾಲದಲ್ಲಿ ಕೈಗೆ ಎಟುಕುತ್ತಿತ್ತು. ಎಲ್ಲವೂ ಸುಖವೆಂದು ಬರೆದರೆ ಸುಳ್ಳಾಗುತ್ತದೆ: ಮೊದಲ ತಿಂಗಳು ನೀಲವ್ವ ಬೆಳಗಾಗುತ್ತಲೇ ಎದ್ದು, ಹೋಗುವ ದಾರಿಯಿಲ್ಲದೆ, ಕೊಡ ಹಿಡಿದು ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಆ ಮೈಲು ಅವಳಿಗೆ ಬೇಡವಾಗಿತ್ತು, ಆ ಮೈಲಿನುದ್ದಕ್ಕೂ ಹೆಂಗಸರು ಆಡುತ್ತಿದ್ದ ಮಾತು ಬೇಕಾಗಿತ್ತು. ಆಮೇಲೆ ನೆರೆಮನೆಗಳ ಮಾತು ಕಲಿತಳು, ಅವರೊಡನೆ ನಗಲು ಕಲಿತಳು.

ಈಗ ವರ್ಗವಾಗಿ ಮತ್ತೆ ಸಿಂದಗಿಗೆ ಬಂದಿದ್ದೇವೆ. ಓಣಿಯ ಮೂಲೆಗೆ ನಳ ಬಂದಿದೆ. ನೀರು ಇನ್ನೂ ತನಗೆ ಮನಸ್ಸಾದಾಗ ಬರುತ್ತದೆ. ಮೊನ್ನೆ ಕಚೇರಿಯ ಕಾಗದವೊಂದರ ಸಲುವಾಗಿ ತಾಂಬಾದ ಮುದುಕರೊಬ್ಬರು ಸುಡುಬಿಸಿಲಲ್ಲಿ ಮನೆಗೆ ಬಂದರು. ನೀಲವ್ವ ರೂಢಿಯಂತೆ ಕೇಳಿದಳು: "ಬರ್ರಿ ಯಜ್ಜಾ, ಆಸರಿಗೆ ಬೇಕೇನ್ರಿ?"

ಮುದುಕರು ತಲೆಯ ಪಟಕಾ ತೆಗೆದು, ಬೆವರು ಒರೆಸಿಕೊಂಡು, ತುಸು ಅವಮಾನವಾದವರಂತೆ ಹೇಳಿದರು: "ಆಸರಾ ಯಾಕ ಬೇಕ ತಂಗಿ? ನನಗ ಮನಿ ಐತಿ, ಮಕ್ಕಳದಾರ. ನೀರಡಿಕಿ ಆಗೇತಿ, ಒಂದೀಟ ನೀರ ಕೊಡು."

ಬಂಡೆಯ ಮೇಲೆ ನಕ್ಕಿದ್ದಳಲ್ಲ, ಹಾಗೆ ನಕ್ಕಳು ನೀಲವ್ವ. ನಗು ನಿಲ್ಲದ್ದರಿಂದ ನಾನೇ ಎದ್ದು ಗೂಡಿನಿಂದ ತಂಬಿಗೆ ಇಳಿಸಿದೆ. ಈಗ ಮುಚ್ಚಳವನ್ನು ಅರ್ಧ ಸುತ್ತಷ್ಟೇ ತಿರುವಿರುತ್ತೇನೆ; ತರುವಾಗ ತುಳುಕಿ ನನ್ನ ಧೋತರ ತೊಯ್ದಿತು. ಕಾಳಜಿ ಆಗಲಿಲ್ಲವೆಂದರೆ ನೀವು ನಂಬುವುದಿಲ್ಲ; ಕಾಳಜಿ ಆಯಿತು. ಮುದುಕರಿಗೆ ಬೆಲ್ಲ ಕೊಟ್ಟು ನೀರು ಕೊಟ್ಟೆ. ಉಳಿದ ನೀರಿಗೆ ಮುಚ್ಚಳ ಹಾಕಹೋದಾಗ ಬೆರಳಿಗೆ ಆ ತಗ್ಗು ತಗಲಿತು.

"ನಿನಗ ನೀರಡಿಕಿ ಆಗೇತೇನ?" ಎಂದು ಅವಳನ್ನು ಕೇಳಿದೆ.

ಅವಳು ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು, ಮುಖ ಮೇಲೆತ್ತಿ, ಗಟಗಟನೆ ಕುಡಿದಳು.